ಒಂದು ಗಂಟೆಯ ಗೊರಿಲ್ಲಾ, ಕಾಡಂಚಿನ ಊರು: ಸಫಾರಿ ದುಡ್ಡು ಯಾರ ಕೈ ಸೇರುತ್ತದೆ?

ಮೈಸೂರಿನವರಿಗೆ ಗೊರಿಲ್ಲಾ ದೂರದ ಪ್ರಾಣಿ ಅಲ್ಲ. ಪೋಲೋನನ್ನು ನೋಡಿಕೊಂಡೇ ದೊಡ್ಡವರಾದ ಒಂದು ತಲೆಮಾರು ಇಲ್ಲಿದೆ. 1995ರಲ್ಲಿ ಐರ್ಲೆಂಡಿನ ಡಬ್ಲಿನ್ ಝೂನಿಂದ ಬಂದ ಪೋಲೋ 2014ರಲ್ಲಿ ಸತ್ತ. ಕೊನೆಯ ವರ್ಷಗಳಲ್ಲಿ ಇಡೀ ದೇಶಕ್ಕೆ ಇದ್ದ ಒಂದೇ ಗೊರಿಲ್ಲಾ ಅವನು. ಒಬ್ಬನೇ ಕೂತು ಜನರ ಕಡೆ ನೋಡುತ್ತಿದ್ದ. ಆಮೇಲೆ 2021ರಲ್ಲಿ ಜರ್ಮನಿಯಿಂದ ಥಾಬೊ ಮತ್ತು ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾ ಬಂದವು. ಮಲೇಷ್ಯಾ ಮತ್ತು ಸಿಂಗಪುರದಿಂದ ನಾಲ್ಕು ಒರಾಂಗುಟಾನ್ ಬಂದವು. ಈಗ ಭಾನುವಾರ ಝೂಗೆ ಹೋದರೆ ಆ ಆವರಣಗಳ ಮುಂದೆಯೇ ಜನ ಜಾಸ್ತಿ.

ಅವನ್ನು ನೋಡಿ ಬಂದವರಲ್ಲಿ ಕೆಲವರಿಗೆ ಇನ್ನೊಂದು ಆಸೆ ಹುಟ್ಟುತ್ತಿದೆ. ಕಾಡಿನಲ್ಲೇ ನೋಡಬೇಕು ಅನ್ನುವ ಆಸೆ. ಉಗಾಂಡಾ, ರುವಾಂಡಾ ಪ್ರವಾಸದ ಬಗ್ಗೆ ನನ್ನನ್ನು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ. ಒಂದು ಗಂಟೆ ಗೊರಿಲ್ಲಾ ನೋಡೋಕೆ ಅಷ್ಟು ದುಡ್ಡಾ?

ಹೌದು, ಅಷ್ಟು ದುಡ್ಡು. ವಿದೇಶದಿಂದ ಬಂದವರಿಗೆ ಉಗಾಂಡಾದಲ್ಲಿ ಒಬ್ಬರಿಗೆ 800 ಡಾಲರ್, ಅಂದರೆ ಸುಮಾರು 70 ಸಾವಿರ ರೂಪಾಯಿ. ರುವಾಂಡಾದಲ್ಲಿ 1,500 ಡಾಲರ್. 2017ರವರೆಗೆ ಅಲ್ಲಿ 750 ಇತ್ತು, ಒಮ್ಮೆಲೇ ಎರಡು ಪಟ್ಟು ಮಾಡಿದರು. ಇದು ಬರೀ ಪರ್ಮಿಟ್. ವಿಮಾನ, ವಸತಿ, ಜೀಪು ಎಲ್ಲ ಬೇರೆ.

ಈ ದರ ಯಾಕೆ ಇಷ್ಟು, ಆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾ ಹೋದರೆ ಮಾತು ಬಂದು ನಿಲ್ಲುವುದು ನಮ್ಮ ಸರಗೂರು, ಎಚ್.ಡಿ. ಕೋಟೆಯ ಹೊಲಗಳಲ್ಲಿ. 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಅಲ್ಲಿ ಕೆಲವೇ ವಾರಗಳ ಅಂತರದಲ್ಲಿ ಹುಲಿ ದಾಳಿಗೆ ಮೂವರು ರೈತರು ಪ್ರಾಣ ಕಳೆದುಕೊಂಡರು. ನವೆಂಬರ್ 7ರಂದು ಅರಣ್ಯ ಸಚಿವರು ನಾಗರಹೊಳೆ ಮತ್ತು ಬಂಡೀಪುರದಲ್ಲಿ ಸಫಾರಿ ನಿಲ್ಲಿಸಲು ಹೇಳಿದರು. ಸಫಾರಿಯ ಸಿಬ್ಬಂದಿಯನ್ನೂ ಹುಲಿ ಹಿಡಿಯುವ ಕೆಲಸಕ್ಕೆ ಹಾಕಿ ಎಂದರು. ಸಫಾರಿ ನಿಲ್ಲಬೇಕು ಎಂದು ಮೊದಲಿನಿಂದ ಕೂಗುತ್ತಿದ್ದವರು ಆ ಊರುಗಳ ಜನರೇ. ತಮ್ಮ ಮನೆ ಬಾಗಿಲಲ್ಲಿ ನಡೆಯುವ ಪ್ರವಾಸ ಅವರಿಗೆ ಬೇಡವಾಗಿತ್ತು. ಯಾಕೆ ಬೇಡವಾಯಿತು ಎಂಬುದಕ್ಕೆ ಗೊರಿಲ್ಲಾಗಳ ನಾಡಿನಲ್ಲಿ ಸ್ವಲ್ಪ ಮಟ್ಟಿಗೆ ಉತ್ತರ ಸಿಗುತ್ತದೆ.

ಮೊದಲು ಪ್ರಾಣಿಯ ವಿಷಯ. ನಮ್ಮ ಝೂನಲ್ಲಿ ಇರುವುದು ಮಧ್ಯ ಆಫ್ರಿಕಾದ ಪಶ್ಚಿಮ ಭಾಗದ ತಗ್ಗು ಕಾಡಿನ ಗೊರಿಲ್ಲಾ. ಪ್ರವಾಸಿಗರು ಉಗಾಂಡಾಕ್ಕೆ ಹೋಗಿ ನೋಡುವುದು ಬೆಟ್ಟದ ಗೊರಿಲ್ಲಾ. ಇದರ ಕೂದಲು ಉದ್ದ, ದಟ್ಟ, ಚಳಿ ತಡೆಯುತ್ತದೆ. ಜಗತ್ತಿನ ಯಾವ ಝೂನಲ್ಲೂ ಬೆಟ್ಟದ ಗೊರಿಲ್ಲಾ ಇಲ್ಲ. ನೋಡಬೇಕೆಂದರೆ ಎರಡೇ ಜಾಗ. ಉಗಾಂಡಾ, ರುವಾಂಡಾ, ಕಾಂಗೋ ಮೂರೂ ದೇಶ ಕೂಡುವಲ್ಲಿರುವ ವಿರುಂಗಾ ಜ್ವಾಲಾಮುಖಿ ಬೆಟ್ಟಗಳ ಸಾಲು ಒಂದು. ಉಗಾಂಡಾದ ಬ್ವಿಂಡಿ ಕಾಡು ಇನ್ನೊಂದು. ಬ್ವಿಂಡಿಯ ವಿಸ್ತಾರ 321 ಚದರ ಕಿಲೋಮೀಟರ್. ನಮ್ಮ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಅರ್ಧದಷ್ಟು.

ಈಚಿನ ಎಣಿಕೆಗಳ ಪ್ರಕಾರ ಎರಡೂ ಕಡೆ ಸೇರಿ ಇರುವುದು 1,063 ಗೊರಿಲ್ಲಾ. ಇಡೀ ಜಗತ್ತಿಗೆ ಇಷ್ಟೇ. ಒಂದು ದೊಡ್ಡ ಮದುವೆ ಛತ್ರದಲ್ಲಿ ಊಟಕ್ಕೆ ಕೂರುವಷ್ಟು ಜನ ಅನ್ನಿ. ಆದರೂ ಇದು ಖುಷಿಯ ಲೆಕ್ಕ. 1980ರ ದಶಕದಲ್ಲಿ ವಿರುಂಗಾದಲ್ಲಿ ಉಳಿದಿದ್ದದ್ದು 250ರಷ್ಟು ಮಾತ್ರ. ಅಲ್ಲಿಂದ ಅವು 600 ದಾಟಿವೆ. 2018ರಲ್ಲಿ ಇವನ್ನು ಅತಿ ಹೆಚ್ಚು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗೆ ತಂದರು. ದೊಡ್ಡ ವಾನರಗಳ ಪೈಕಿ ಸಂಖ್ಯೆ ಏರುತ್ತಿರುವುದು ಬೆಟ್ಟದ ಗೊರಿಲ್ಲಾದ್ದು ಮಾತ್ರ. ಚಿಂಪಾಂಜಿ, ಬೊನೊಬೊ, ಒರಾಂಗುಟಾನ್ ಎಲ್ಲವೂ ಇಳಿಯುತ್ತಲೇ ಇವೆ.

ಇದಕ್ಕೆ ಪ್ರವಾಸ ಒಂದೇ ಕಾರಣ ಎಂದರೆ ತಪ್ಪಾಗುತ್ತದೆ. ಉರುಳು ಕಿತ್ತು ಹಾಕುವ ಗಾರ್ಡುಗಳು, ಗಾಯಗೊಂಡ ಗೊರಿಲ್ಲಾಕ್ಕೆ ಕಾಡಿನಲ್ಲೇ ಮದ್ದು ಮಾಡುವ ಪಶುವೈದ್ಯರು, ದಿನವೂ ಹಿಂದೆ ಹಿಂದೆ ಹೋಗುವ ಜಾಡುಗಾರರು, ಇವರೆಲ್ಲ ಇದ್ದಾರೆ. ಆದರೆ ಇವರ ಸಂಬಳದ ದೊಡ್ಡ ಪಾಲು ಬರುವುದು ಪರ್ಮಿಟ್ ದುಡ್ಡಿನಿಂದ.

ಆ ಒಂದು ಗಂಟೆ ಹೇಗೆ ನಡೆಯುತ್ತದೆ ಎಂದು ಹೇಳಬೇಕು. ಅದರೊಳಗೇ ಎಲ್ಲ ಇದೆ. ಒಂದು ಗೊರಿಲ್ಲಾ ಕುಟುಂಬವನ್ನು ನೋಡಲು ದಿನಕ್ಕೆ ಎಂಟು ಜನರಿಗೆ ಮಾತ್ರ ಅವಕಾಶ. ಬೆಳಿಗ್ಗೆ ಎಂಟು ಗಂಟೆಗೆ ಸೇರಿಸಿ ನಿಯಮ ಹೇಳುತ್ತಾರೆ. ಅಷ್ಟರಲ್ಲಿ ಜಾಡುಗಾರರು ಹಿಂದಿನ ರಾತ್ರಿ ಗೊರಿಲ್ಲಾಗಳು ಮಲಗಿದ್ದ ಜಾಗ ಹುಡುಕಿ ಅಲ್ಲಿಂದ ಬೆನ್ನು ಹತ್ತಿರುತ್ತಾರೆ. ಆಮೇಲೆ ನಡಿಗೆ. ಒಂದು ಗಂಟೆ ಆಗಬಹುದು, ಐದಾರು ಗಂಟೆಯೂ ಆಗಬಹುದು. ಇಳಿಜಾರು, ಕೆಸರು, ತುರಚೆ ಗಿಡ. ಜೀಪು ಹೋಗುವ ಮಾತೇ ಇಲ್ಲ. ಗೊರಿಲ್ಲಾ ಸಿಕ್ಕ ಮೇಲೆ ಸರಿಯಾಗಿ ಒಂದು ಗಂಟೆ. ಏಳು ಮೀಟರ್ ದೂರ ನಿಲ್ಲಬೇಕು ಎಂದಿತ್ತು, ಕೋವಿಡ್ ಆದ ಮೇಲೆ ಹತ್ತು ಮೀಟರ್ ಅನ್ನುತ್ತಾರೆ. ಮಾಸ್ಕ್ ಹಾಕಬೇಕು. ಫ್ಲ್ಯಾಶ್ ಹಾಕುವಂತಿಲ್ಲ. ಹದಿನೈದು ವರ್ಷದೊಳಗಿನವರು ಹೋಗುವಂತಿಲ್ಲ. ನೆಗಡಿ, ಕೆಮ್ಮು ಇದ್ದರೆ ಬಾಗಿಲಲ್ಲೇ ವಾಪಸು.

ಈ ಕೊನೆಯ ನಿಯಮ ಸುಮ್ನೆ ಮಾಡಿದ್ದಲ್ಲ. ನಮ್ಮ ಕಾಯಿಲೆ ಗೊರಿಲ್ಲಾಗಳಿಗೆ ಹತ್ತುತ್ತದೆ. 2021ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಗೊರಿಲ್ಲಾಗಳಿಗೆ ಕೋವಿಡ್ ಬಂತು. ಅದಕ್ಕೂ ಬಹಳ ಹಿಂದೆ, 1996ರಲ್ಲಿ, ಬ್ವಿಂಡಿಯ ಒಂದು ಗೊರಿಲ್ಲಾ ಕುಟುಂಬಕ್ಕೆ ಕಜ್ಜಿ ಹತ್ತಿತು. ಮೈ ಕೂದಲು ಉದುರಿತು. ಮರಿ ಗೊರಿಲ್ಲಾವೊಂದು ಸತ್ತಿತು. ಆಗ ಉಗಾಂಡಾದ ಮೊದಲ ವನ್ಯಜೀವಿ ವೈದ್ಯೆ ಗ್ಲಾಡಿಸ್ ಕಲೇಮಾ ಝಿಕುಸೋಕಾ ಅದರ ಮೂಲ ಹುಡುಕಿಕೊಂಡು ಹೊರಟರು. ಕಾಡಂಚಿನ ಬಡ ಕುಟುಂಬಗಳಲ್ಲಿ ಕಜ್ಜಿ ಇತ್ತು. ಅವರ ಹಳೆ ಬಟ್ಟೆಯನ್ನು ಹೊಲದ ಬೆರ್ಚಪ್ಪನಿಗೆ ಹಾಕುತ್ತಿದ್ದರು. ಬಾಳೆ ತಿನ್ನಲು ಬಂದ ಗೊರಿಲ್ಲಾಗಳು ಆ ಬಟ್ಟೆ ಮುಟ್ಟಿ ನೋಡಿರಬೇಕು.

ಇದನ್ನು ಓದಿದಾಗ ನನಗೆ ನಮ್ಮ ಹೊಲಗಳ ಬೆರ್ಚಪ್ಪ ಕಣ್ಣ ಮುಂದೆ ಬಂದ. ಹಳೆ ಅಂಗಿ, ತಲೆಗೆ ಮಡಕೆ. ಆ ವೈದ್ಯೆಗೆ ಒಂದು ವಿಷಯ ಖಚಿತವಾಯಿತು. ಊರಿನ ಜನಕ್ಕೆ ಔಷಧಿ ಸಿಗದೆ ಗೊರಿಲ್ಲಾ ಉಳಿಯುವುದಿಲ್ಲ. 2003ರಲ್ಲಿ ಅವರು ಒಂದು ಸಂಸ್ಥೆ ಕಟ್ಟಿದರು. ಜನರ ಆರೋಗ್ಯ, ಪ್ರಾಣಿಗಳ ಆರೋಗ್ಯ ಎರಡನ್ನೂ ಒಟ್ಟಿಗೆ ನೋಡುವ ಸಂಸ್ಥೆ ಅದು. ಹುಲಿ ಎಣಿಸುವಷ್ಟು ಶ್ರದ್ಧೆಯಿಂದ ನಮ್ಮ ಆದಿವಾಸಿ ಹಾಡಿಗಳಲ್ಲಿ ಜ್ವರ ಎಷ್ಟು, ರಕ್ತಹೀನತೆ ಎಷ್ಟು ಎಂದು ಎಣಿಸಿದರೆ ಎಷ್ಟು ಚೆನ್ನಾಗಿತ್ತು ಅಲ್ವಾ?

ಇನ್ನು ದುಡ್ಡಿನ ಲೆಕ್ಕ. ರುವಾಂಡಾ ಮೊದಲು ತನ್ನ ಉದ್ಯಾನಗಳ ಪ್ರವಾಸದ ಆದಾಯದಲ್ಲಿ ಶೇ 5 ಭಾಗವನ್ನು ಕಾಡಂಚಿನ ಊರುಗಳಿಗೆ ಕೊಡುತ್ತಿತ್ತು. 2017ರಲ್ಲಿ ಪರ್ಮಿಟ್ ದರ ಏರಿಸಿದಾಗ ಅದನ್ನೂ ಶೇ 10 ಮಾಡಿತು. ಶಾಲೆ, ಆರೋಗ್ಯ ಕೇಂದ್ರ, ನೀರಿನ ಟ್ಯಾಂಕು ಇಂಥವಕ್ಕೆ ಅದು ಹೋಗುತ್ತದೆ. ಬೆಳೆ ನಷ್ಟಕ್ಕೆ ಪರಿಹಾರದ ನಿಧಿ ಬೇರೆ ಇದೆ. ಕಾಡೆಮ್ಮೆ ಹೊಲಕ್ಕೆ ಬರದ ಹಾಗೆ ಉದ್ಯಾನದ ಗಡಿಯಲ್ಲಿ 70 ಕಿಲೋಮೀಟರಿಗೂ ಉದ್ದದ ಕಲ್ಲಿನ ಗೋಡೆ ಇದೆ. ನಾಗರಹೊಳೆಯಲ್ಲಿ ಆನೆ ತಡೆಯಲು ಹಾಕಿರುವ ರೈಲು ಕಂಬಿ ಬೇಲಿಗೆ ಅದು ನೆಂಟ.

ಉಗಾಂಡಾದ ಲೆಕ್ಕ ಅಷ್ಟು ಚೆನ್ನಾಗಿಲ್ಲ. ಉದ್ಯಾನದ ಪ್ರವೇಶ ಶುಲ್ಕದಲ್ಲಿ ಶೇ 20 ಊರುಗಳಿಗೆ ಎಂದು ಕಾನೂನು ಇದೆ. ಕೇಳೋಕೆ ದೊಡ್ಡದು. ಆದರೆ ಗೊರಿಲ್ಲಾ ಪರ್ಮಿಟ್‌ನ ದುಡ್ಡು ಪ್ರವೇಶ ಶುಲ್ಕ ಅಲ್ಲ. ಪರ್ಮಿಟ್‌ನಿಂದ ಊರಿಗೆ ಅಂತ ಬಹಳ ವರ್ಷಗಳಿಂದ ಎತ್ತಿಡುತ್ತಾ ಬಂದಿರುವುದು 10 ಡಾಲರ್. 800ರಲ್ಲಿ ಹತ್ತು. ನೂರಕ್ಕೆ ಒಂದೂಕಾಲು ರೂಪಾಯಿ ಅನ್ನಿ. ದೊಡ್ಡ ಶೇಕಡಾವಾರು ಹೇಳಿದಾಗ ಯಾವುದರ ಶೇಕಡಾ ಎಂದು ಕೇಳಬೇಕು. ನಾನು ಈ ವಿಷಯ ಓದುತ್ತಾ ಕಲಿತದ್ದು ಇದನ್ನು.

ಆದರೂ ಬ್ವಿಂಡಿಯಲ್ಲಿ ಊರಿನವರ ಕೈಗೆ ಬೇರೆ ದಾರಿಯಲ್ಲಿ ದುಡ್ಡು ಬರುತ್ತದೆ. ಪ್ರವಾಸಿಗರ ಚೀಲ ಹೊತ್ತು, ಜಾರುವಲ್ಲಿ ಕೈ ಹಿಡಿದು ಎಳೆಯುವ ಹಮಾಲರು ಅಲ್ಲಿನ ಹುಡುಗ ಹುಡುಗಿಯರೇ. ದಿನಕ್ಕೆ ಒಬ್ಬ ಪ್ರವಾಸಿಗೆ ಒಬ್ಬರು. ನಿಮಗೆ ಶಕ್ತಿ ಇದ್ದರೂ ಒಬ್ಬರನ್ನು ಕರೆದುಕೊಂಡು ಹೋಗಿ. ಅದು ನೇರವಾಗಿ ಒಂದು ಮನೆಗೆ ತಲುಪುವ ಹಣ. ಊರಿನವರದ್ದೇ ಇನ್ನೊಂದು ತಂಡ ಇದೆ. ಹ್ಯೂಗೋ ಎಂದು ಕರೆಯುತ್ತಾರೆ. ಬಾಳೆ ದಿಂಡು ಅಂದರೆ ಗೊರಿಲ್ಲಾಕ್ಕೆ ಪ್ರಾಣ. ತೋಟಕ್ಕೆ ನುಗ್ಗಿ ಗಿಡ ಸೀಳಿ ದಿಂಡು ತಿನ್ನುತ್ತವೆ. ಆಗ ಈ ಸ್ವಯಂಸೇವಕರು ಬಂದು ಅವನ್ನು ಮೆಲ್ಲಗೆ ಕಾಡಿಗೆ ವಾಪಸು ಅಟ್ಟುತ್ತಾರೆ. ಬಾಳೆ ಹಾಳಾದ ರೈತನ ಸಿಟ್ಟು ಎಷ್ಟಿರುತ್ತದೆ ಎಂದು ನಂಜನಗೂಡು, ಎಚ್.ಡಿ. ಕೋಟೆ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಅಂಥ ರೈತರ ನಡುವಿನವರೇ ಕೋಲು ಎತ್ತದೆ ಪ್ರಾಣಿಯನ್ನು ತಿರುಗಿಸುತ್ತಾರೆ ಎಂಬುದು ನನಗೆ ಇಡೀ ಗೊರಿಲ್ಲಾ ಕಥೆಯಲ್ಲಿ ಬಹಳ ಇಷ್ಟವಾದ ಭಾಗ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಆಗುತ್ತದೆ. ಈ ಕಾಡಿನಲ್ಲಿ ತಲೆತಲಾಂತರದಿಂದ ಇದ್ದವರು ಬಟ್ವಾ ಜನ. ಜೇನು, ಗೆಡ್ಡೆ, ಬೇಟೆ ಅವರ ಬದುಕು. 1991ರಲ್ಲಿ ಬ್ವಿಂಡಿ ರಾಷ್ಟ್ರೀಯ ಉದ್ಯಾನವಾದಾಗ ಅವರನ್ನು ಹೊರಗೆ ಹಾಕಿದರು. ಭೂಮಿಯೂ ಇಲ್ಲ, ಪರಿಹಾರವೂ ಇಲ್ಲ. ಬೇರೆಯವರ ಜಮೀನಿನಲ್ಲಿ ಕೂಲಿ ಮಾಡಿಕೊಂಡು ಬದುಕಬೇಕಾಯಿತು. 2021ರಲ್ಲಿ ಉಗಾಂಡಾದ ಸಾಂವಿಧಾನಿಕ ನ್ಯಾಯಾಲಯ ಅವರಿಗೆ ಅನ್ಯಾಯವಾಗಿದೆ ಎಂದು ಹೇಳಿತು. ಮೂವತ್ತು ವರ್ಷ ಆದ ಮೇಲೆ. ಇವತ್ತು ಪ್ರವಾಸಿಗರಿಗೆ ಬಟ್ವಾ ಹಿರಿಯರು ಬೆಂಕಿ ಹೊತ್ತಿಸಿ, ಹಾಡಿ, ಕುಣಿದು ತೋರಿಸುವ ಕಾರ್ಯಕ್ರಮ ಇದೆ. ತಮ್ಮದೇ ಆಗಿದ್ದ ಕಾಡಿನ ಬದುಕನ್ನು ಕಾಡಿನ ಹೊರಗೆ ನಿಂತು ಬೇರೆಯವರಿಗೆ ತೋರಿಸಬೇಕಾದ ಸ್ಥಿತಿ ನೆನೆದರೆ ಹೊಟ್ಟೆ ಹಿಂಡುತ್ತದೆ.

ಇಲ್ಲಿ ನಮ್ಮ ಜೇನು ಕುರುಬರ ಹೆಸರು ತೆಗೆಯದೆ ಇರಲು ಆಗುವುದಿಲ್ಲ. ನಾಗರಹೊಳೆಯ ಒಳಗಿಂದ ಹೊರಗೆ ಬಂದ ಹಾಡಿಗಳು ಎಷ್ಟೋ. 2025ರ ಮೇನಲ್ಲಿ ಸುಮಾರು ಐವತ್ತು ಜೇನು ಕುರುಬ ಕುಟುಂಬಗಳು ಕಾಡೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಮರಳಿ, ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಇದು ನಮ್ಮ ಜಾಗ ಎಂದು ಗುಡಿಸಲು ಹಾಕಿದವು. ಇಲಾಖೆ ಒಪ್ಪಲಿಲ್ಲ. ಇಲ್ಲಿ ಎರಡೂ ಕಡೆಯ ವಾದ ನನಗೆ ಅರ್ಥವಾಗುತ್ತದೆ. ಹುಲಿಗೆ ಜನರಿಲ್ಲದ ಜಾಗ ಬೇಕು ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಅಜ್ಜಿ ತಾತನನ್ನು ಮಣ್ಣು ಮಾಡಿದ ಜಾಗಕ್ಕೆ ಮೊಮ್ಮಕ್ಕಳು ಹೋಗುವಂತಿಲ್ಲ, ಸಫಾರಿ ಗಾಡಿ ಮಾತ್ರ ಹೋಗಬಹುದು ಎಂದರೆ ಅದನ್ನು ಯಾವ ಮನಸ್ಸು ಒಪ್ಪೀತು?

ಸರಗೂರಿನ ಸಿಟ್ಟಿಗೂ ಇದೇ ಬೇರು. ಸಫಾರಿ ಗಾಡಿಗಳ ಸದ್ದಿಗೆ, ಬೆಳಕಿಗೆ ಹುಲಿ ಹೊರಗೆ ಬರುತ್ತಿದೆ ಎಂದು ರೈತರು ಹೇಳಿದರು. ಹುಲಿ ಹೊರಗೆ ಬರಲು ಬೇರೆ ಕಾರಣಗಳೇ ಹೆಚ್ಚು ಎಂದು ನನ್ನ ಅನಿಸಿಕೆ. ರಾಜ್ಯದಲ್ಲಿ 2022ರ ಗಣತಿಯಂತೆ 563 ಹುಲಿ ಇವೆ. ತನ್ನದೇ ಜಾಗ ಹುಡುಕುವ ಎಳೆ ಹುಲಿ, ಜಗಳದಲ್ಲಿ ಸೋತ ಮುದಿ ಹುಲಿ, ಎರಡೂ ಕಾಡಿನ ಅಂಚಿಗೇ ಬರುತ್ತವೆ. ಅಂಚಿನಲ್ಲಿ ಸುಲಭವಾಗಿ ಸಿಗುವ ದನ ಇದೆ. ಒಳಗೆ ಲಂಟಾನ ಕಳೆ ಹಬ್ಬಿ ಹುಲ್ಲು ಕಡಿಮೆಯಾಗಿದೆ, ಜಿಂಕೆಗೆ ಮೇವಿಲ್ಲ. ಹೀಗಿದ್ದೂ ರೈತರ ಮಾತನ್ನು ತಳ್ಳಿಹಾಕಲು ಆಗದು. ಪ್ರವಾಸಿಗರಿಗೆ ದಿನವೂ ತಪ್ಪದೆ ಗಾಡಿ, ಡ್ರೈವರ್, ಗಾರ್ಡ್ ಇರುತ್ತಾರೆ. ಹೊಲದಲ್ಲಿ ಹುಲಿ ಹೆಜ್ಜೆ ಕಂಡಾಗ ಫೋನು ಮಾಡಿದರೆ ಬರಲು ಜನ ಇಲ್ಲ ಅನ್ನುತ್ತಾರೆ. ರೈತರಿಗೆ ಕಂಡದ್ದು ಈ ವ್ಯತ್ಯಾಸ. ಕಾರಣ ತಪ್ಪಿರಬಹುದು, ನೋವು ತಪ್ಪಲ್ಲ.

ದುಡ್ಡಿನ ವಿಷಯದಲ್ಲೂ ಹಾಗೇ. 2006ರ ತಿದ್ದುಪಡಿಯ ನಂತರ ಪ್ರತಿ ಹುಲಿ ಸಂರಕ್ಷಿತ ಪ್ರದೇಶಕ್ಕೂ ಒಂದು ಪ್ರತಿಷ್ಠಾನ ಇದೆ. ಪ್ರವಾಸದ ಆದಾಯ ಅದಕ್ಕೆ ಸೇರಿ ಅಲ್ಲೇ ಖರ್ಚಾಗಬೇಕು ಎಂಬುದು ಉದ್ದೇಶ. ಒಳ್ಳೆಯ ಉದ್ದೇಶ. ಆದರೆ ಸಫಾರಿಯಿಂದ ನಿಮ್ಮ ಊರಿಗೆ ಏನು ಬಂತು ಎಂದು ಕಾಡಂಚಿನ ಊರಿನಲ್ಲಿ ಕೇಳಿ ನೋಡಿ. ಇಗೋ ಈ ಶಾಲೆ ಕೋಣೆ, ಇಗೋ ಈ ಬೋರ್‌ವೆಲ್ ಎಂದು ಬೆರಳು ಮಾಡಿ ತೋರಿಸುವವರು ಎಷ್ಟು ಜನ ಸಿಗುತ್ತಾರೆ? ರುವಾಂಡಾದಲ್ಲಿ ಶೇ 10 ಎಂದು ಸರ್ಕಾರವೇ ಎಲ್ಲರಿಗೂ ಹೇಳುತ್ತದೆ. ಇಷ್ಟು ನಮ್ಮ ಪಾಲು ಎಂದು ಊರಿನವರಿಗೆ ಗೊತ್ತಿರುತ್ತದೆ, ಕಡಿಮೆ ಆದರೆ ಕೇಳಬಹುದು. ಇಲ್ಲೂ ಅಂಥ ಒಂದು ಅಂಕಿ ಬೇಕು. ಪ್ರತಿ ಟಿಕೆಟ್‌ನ ಮೇಲೆ ಅಚ್ಚಾಗಬೇಕು. ಈ ಟಿಕೆಟ್‌ನಲ್ಲಿ ಇಷ್ಟು ರೂಪಾಯಿ ಕಾಡಂಚಿನ ಗ್ರಾಮ ಪಂಚಾಯಿತಿಗೆ ಎಂದು.

ಜನರ ಸಂಖ್ಯೆಗೆ ಮಿತಿ ಇರುವುದು ಗೊರಿಲ್ಲಾ ಪ್ರವಾಸದ ಇನ್ನೊಂದು ಗಟ್ಟಿ ಅಂಶ. ನಮ್ಮ ರಾಜ್ಯದ ಒಂದು ಕಾಡಿನಲ್ಲಿ ಒಂದು ಹುಲಿಯ ಮುಂದೆ ಏಳೆಂಟು ಗಾಡಿ ಸಾಲಾಗಿ ನಿಂತದ್ದನ್ನು ನಾನೇ ನೋಡಿದ್ದೇನೆ. ಹುಲಿ ರಸ್ತೆ ದಾಟಲು ಜಾಗ ಹುಡುಕುತ್ತಿತ್ತು. ಒಂದು ಪ್ರಾಣಿಯ ಮುಂದೆ ಇಷ್ಟೇ ಗಾಡಿ, ಇಷ್ಟೇ ನಿಮಿಷ ಎಂಬ ನಿಯಮ ಕಾಗದದಲ್ಲಿ ಇದ್ದರೆ ಸಾಲದು. ಬ್ವಿಂಡಿಯಲ್ಲಿ ಗಂಟೆ ಮುಗಿದರೆ ಮುಗಿಯಿತು, ಗೊರಿಲ್ಲಾ ಆಗಷ್ಟೇ ಮರಿ ಎತ್ತಿಕೊಂಡರೂ ಸರಿ, ಹೊರಡಲೇಬೇಕು. ಆದರೆ ದರ ಏರಿಸಿ ಮಿತಿ ತರುವ ದಾರಿ ನಮಗೆ ಬೇಡ. ಮೈಸೂರಿನ ಆಟೋ ಡ್ರೈವರ್ ಮಗಳೂ ನಾಗರಹೊಳೆಯ ಆನೆ ನೋಡಬೇಕು. ಸ್ಥಳೀಯರಿಗೆ, ಶಾಲೆ ಮಕ್ಕಳಿಗೆ ಇಷ್ಟು ಸೀಟು ಎಂದು ಮೊದಲೇ ತೆಗೆದಿಟ್ಟು ಉಳಿದದ್ದಕ್ಕೆ ಜಾಸ್ತಿ ದರ ಇಡಬಹುದು. ಉಗಾಂಡಾದಲ್ಲೂ ಅಲ್ಲಿನ ಪ್ರಜೆಗಳಿಗೆ ಪರ್ಮಿಟ್ ದರ ತುಂಬಾ ಕಡಿಮೆ.

ಪ್ರವಾಸದ ದುಡ್ಡನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೂ ಬ್ವಿಂಡಿಯೇ ಸಾಕ್ಷಿ. 2020ರಲ್ಲಿ ಕೋವಿಡ್ ಬಂದು ವಿಮಾನಗಳು ನಿಂತವು. ಹಮಾಲರಿಗೆ ಕೆಲಸ ಹೋಯಿತು. ಹಸಿದವರು ಕಾಡು ಹಂದಿಗೆ, ಸಣ್ಣ ಜಿಂಕೆಗೆ ಉರುಳು ಹಾಕಲು ಶುರು ಮಾಡಿದರು. ಅದೇ ಜೂನ್‌ನಲ್ಲಿ ರಫೀಕಿ ಎಂಬ ಬೆಳ್ಳಿಬೆನ್ನಿನ ಹಿರಿಯ ಗಂಡು ಗೊರಿಲ್ಲಾ ಬೇಟೆಗಾರನ ಭರ್ಜಿಗೆ ಸತ್ತಿತು. ಇಡೀ ಪ್ರದೇಶಕ್ಕೆ ಪರಿಚಿತವಾಗಿದ್ದ ಪ್ರಾಣಿ ಅದು. ಹೆಸರಿಟ್ಟು ಕರೆದ ಪ್ರಾಣಿ ಸತ್ತಾಗ ಹೇಗಾಗುತ್ತದೆ ಎಂದು ನಮಗೂ ಗೊತ್ತು. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ದಸರಾ ಆನೆ ಅರ್ಜುನ ಸತ್ತ ದಿನ ಮೈಸೂರಿನ ಎಷ್ಟು ಮನೆಗಳಲ್ಲಿ ಜನ ಅತ್ತರು! ನಮ್ಮ ಸಫಾರಿ ನಿಂತಾಗಲೂ ಕೆಲಸ ಹೋದದ್ದು ಬಹುತೇಕ ಅದೇ ತಾಲ್ಲೂಕುಗಳ ಡ್ರೈವರ್, ಗೈಡ್, ಅಡುಗೆಯವರಿಗೆ. ಅದಕ್ಕೇ ಮುಚ್ಚಿಬಿಡಿ ಎನ್ನುವುದೂ ಸುಲಭದ ಉತ್ತರ ಅಲ್ಲ.

ಒರಾಂಗುಟಾನ್ ನೋಡಲು ಬೋರ್ನಿಯೊ ಕಡೆ ಹೋಗುವವರಿಗೂ ಒಂದು ಮಾತು. ಮಲೇಷ್ಯಾದ ಸಬಾದಲ್ಲಿ 1964ರಿಂದ ಸೆಪಿಲೋಕ್ ಎಂಬ ಕೇಂದ್ರ ಇದೆ. ತಾಯಿ ಕಳೆದುಕೊಂಡ ಮರಿಗಳನ್ನು ಸಾಕಿ ಕಾಡಿಗೆ ಬಿಡುತ್ತಾರೆ. ಹತ್ತಿರದ ಕಿನಬಟಾಂಗನ್ ನದಿಯಲ್ಲಿ ದೋಣಿ ಸಫಾರಿ. ಒರಾಂಗುಟಾನ್, ಉದ್ದ ಮೂಗಿನ ಕೋತಿ, ಗಿಡ್ಡ ಆನೆ, ಮೊಸಳೆ, ಮಂಗಟ್ಟೆ ಹಕ್ಕಿ, ಎಲ್ಲ ಕಾಣುತ್ತವೆ. ಅಷ್ಟು ಸುಲಭವಾಗಿ ಕಾಣುವುದಕ್ಕೆ ಕಾರಣ ಇದೆ. ದಡದ ಕಾಡಿನ ಹಿಂದೆಯೇ ಎಣ್ಣೆ ತಾಳೆ ತೋಟಗಳು. ಪ್ರಾಣಿಗಳಿಗೆ ಉಳಿದಿರುವುದು ನದಿಯ ಪಕ್ಕದ ಪಟ್ಟಿ. ಜಗತ್ತಿನಲ್ಲಿ ತಾಳೆ ಎಣ್ಣೆಯನ್ನು ಹೆಚ್ಚು ತರಿಸಿಕೊಳ್ಳುವ ದೇಶ ನಮ್ಮದು. ನಮ್ಮ ಬೋಂಡಾ ಬಾಣಲೆಗೂ ಒರಾಂಗುಟಾನ್ ಮರಕ್ಕೂ ನಂಟು ಇದೆ.

ಹೋಗಲು ನಿರ್ಧಾರ ಮಾಡಿದವರಿಗೆ ಕೆಲವು ವಿಷಯ. ಉಗಾಂಡಾಕ್ಕೆ ಹಳದಿ ಜ್ವರದ ಲಸಿಕೆ ಕಡ್ಡಾಯ. ಹೊರಡುವ ಹತ್ತು ದಿನ ಮೊದಲೇ ಹಾಕಿಸಿಕೊಂಡಿರಬೇಕು, ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು. ಆ ಹಳದಿ ಪುಸ್ತಕ ಇಲ್ಲದೆ ವಾಪಸು ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮುಂಬೈನಿಂದ ಉಗಾಂಡಾದ ಎಂಟೆಬೆಗೆ ನೇರ ವಿಮಾನ 2023ರಲ್ಲಿ ಶುರುವಾಯಿತು. ಅಲ್ಲಿಂದ ಬ್ವಿಂಡಿಗೆ ರಸ್ತೆಯಲ್ಲಿ ಎಂಟು ಗಂಟೆಯಾದರೂ ಬೇಕು. ಊಟದ ಚಿಂತೆ ಬೇಡ. ಚಪಾತಿ ಅಲ್ಲಿ ಬೀದಿ ಬೀದಿಯಲ್ಲಿ ಸಿಗುತ್ತದೆ, ಹೆಸರೂ ಚಪಾತಿಯೇ. ದಾರಿಯಲ್ಲಿ ಕಿಬಾಲೆ ಕಾಡಿನಲ್ಲಿ ಚಿಂಪಾಂಜಿ ನೋಡಿಕೊಂಡು ಹೋಗಬಹುದು. ಅಲ್ಲಿ ಹದಿಮೂರು ಬಗೆಯ ಕೋತಿ, ವಾನರಗಳಿವೆ. ಅಷ್ಟು ಖರ್ಚು ಆಗದು ಅನ್ನುವವರಿಗೆ ಅಸ್ಸಾಂನ ಜೋರ್ಹಾಟ್ ಹತ್ತಿರ ಹೊಲೊಂಗಾಪಾರ್ ಇದೆ. ಬಾಲವಿಲ್ಲದ ವಾನರ ನಮ್ಮ ದೇಶದ ಕಾಡಿನಲ್ಲಿ ಇರುವುದು ಹೂಲಾಕ್ ಗಿಬ್ಬನ್ ಮಾತ್ರ. ಬೆಳಿಗ್ಗೆ ಗಂಡು ಹೆಣ್ಣು ಜೊತೆಯಾಗಿ ಕೂಗುತ್ತವೆ.

ಬ್ವಿಂಡಿಗೇ ಹೋಗುವುದಾದರೆ ಬುಹೋಮಾ ಕಡೆಯ ಪರ್ಮಿಟ್ ಕೇಳಿ. ಅಲ್ಲಿ ಕಾಡಿನ ಬಾಗಿಲ ಪಕ್ಕದಲ್ಲೇ ಊರಿನವರು ಸೇರಿ ನಡೆಸುವ ಒಂದು ವಸತಿ ಇದೆ. ದೊಡ್ಡ ಲಾಡ್ಜ್‌ಗಳಷ್ಟು ಥಳುಕಿಲ್ಲ. ಅಲ್ಲಿ ಉಳಿದರೆ ನೀವು ಕೊಟ್ಟ ಬಾಡಿಗೆ ಆ ಊರಿನ ಕೆಲಸಕ್ಕೇ ಹೋಗುತ್ತದೆ. ಸರಗೂರು ಕಡೆಯ ಒಂದು ಊರೋ ಹಾಡಿಯೋ ಅಂಥ ವಸತಿಯನ್ನು ತಾನೇ ಕಟ್ಟಿ, ತನ್ನ ಹುಡುಗರನ್ನೇ ಗೈಡ್ ಮಾಡಿ, ಬನ್ನಿ ಎಂದು ಕರೆದ ದಿನ ಮೈಸೂರಿನಿಂದ ಮೊದಲ ಬಸ್ಸಿಗೆ ನಾನು ಹೊರಡುತ್ತೇನೆ.